ಮುಚ್ಚಳದ ಒಳಗಿನ ಅಕ್ಷರ

ನಮ್ಮಪ್ಪನ ಅಕ್ಷರ ಓದಬೇಕಾದರೆ ಭೂತಗನ್ನಡಿ ಬೇಕು. ಅವನು ಬರೆಯುತ್ತಿದ್ದದ್ದು ಕೈಗಡಿಯಾರಗಳ ಹಿಂಬದಿ ಮುಚ್ಚಳದ ಒಳಮೈ ಮೇಲೆ, ಗ್ರಾಮಫೋನಿನ ಮುಳ್ಳು ಮಸೆದು ಮಾಡಿಕೊಂಡ ಒಂದು ಸೂಜಿಯಿಂದ. ರಿಪೇರಿ ಮುಗಿಸಿ, ಪೆಟ್ರೋಲಿನಲ್ಲಿ ತೊಳೆದ ಮಷೀನು ಮತ್ತೆ ಟಿಕ್ ಟಿಕ್ ಅಂದಮೇಲೆ, ಮುಚ್ಚಳ ಒತ್ತುವ ಮುಂಚೆ ಎರಡು ಸಾಲು ಗೀರುತ್ತಿದ್ದ. ವಾಚ್ ರಿಪೇರಿಯವರು ಬಹಳ ಮಂದಿ ಹೀಗೆ ಗುರುತು ಹಾಕುತ್ತಾರೆ. ತಾರೀಖು, ಎರಡಕ್ಷರ, ಇಲ್ಲವೇ ತಮಗಷ್ಟೇ ತಿಳಿಯುವ ಒಂದು ಅಂಕಿ. ಮೂರು ತಿಂಗಳು ಬಿಟ್ಟು ಗಿರಾಕಿ ಜಗಳಕ್ಕೆ ಬಂದರೆ, ಇದು ನನ್ನ ಕೈಯಿಂದ ಹೋದ ಮಾಲು ಹೌದೋ ಅಲ್ಲೋ ಎಂದು ನೋಡಿಕೊಳ್ಳಲು. ಅಪ್ಪ ಮಾತ್ರ ಅಂಕಿಗೆ ನಿಲ್ಲುತ್ತಿರಲಿಲ್ಲ. ಐದನೇ ಇಯತ್ತೆಗೆ ಸಾಲೆ ಬಿಟ್ಟವನ ಗುಂಡು ಗುಂಡು ಕನ್ನಡದಲ್ಲಿ ವಾಕ್ಯವನ್ನೇ ಬರೆಯುತ್ತಿದ್ದ. ಏನು ಬರೆಯುತ್ತಾನೆ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ತಾರೀಖು ಇರಬೇಕು ಅಂದುಕೊಂಡಿದ್ದೆ.

ಅಂಗಡಿ ಇದ್ದದ್ದು ಹತ್ತರಗಿಯಲ್ಲಿ, ಹೆದ್ದಾರಿಯ ಬದಿಗೆ. ಪುಣೆಯಿಂದ ಬೆಂಗಳೂರಿಗೆ ಹೋಗುವ ಈ ರಸ್ತೆಯ ನಂಬರು ಆಗ 4, ಈಗ 48. ಅಂಗಡಿ ಅಂದರೆ ಕಟ್ಟಿಗೆಯ ಒಂದು ಡಬ್ಬಿ, ಮುಂದೆ ಗಾಜಿನ ಪೆಟ್ಟಿಗೆ, ಮೇಲೆ ತಗಡು. ಸಂಕೇಶ್ವರದ ಮೆಣಸಿನಕಾಯಿ ಲಾರಿ ಹೋದರೆ ಇಬ್ಬರೂ ಸೀನುತ್ತಿದ್ದೆವು. ಆಗ ಅಪ್ಪ ಚಿಮುಟ ಕೆಳಗಿಟ್ಟು ಮೂಗು ಹಿಡಿದುಕೊಳ್ಳುವನು. ಒಂದು ಸೀನಿಗೆ ಹೇರ್‌ಸ್ಪ್ರಿಂಗ್ ಹಾರಿಹೋದರೆ ದಿನದ ದುಡಿಮೆ ಹೋದಂತೆ. 2003ರ ಹೊತ್ತಿಗೆ ನಾಲ್ಕು ಲೇನಿನ ರಸ್ತೆ ಬಂದಾಗ ಆ ಡಬ್ಬಿ ಎದ್ದುಹೋಯಿತು. ಇವತ್ತು ಹತ್ತರಗಿ ಅಂದರೆ ಹೊರಗಿನವರಿಗೆ ಟೋಲ್ ನಾಕಾ, ಅಷ್ಟೇ.

ನಮ್ಮ ಕಡೆಗೆ ಐಷಾರಾಮಿ ವಾಚ್ ಅಂದರೆ ಸ್ವಿಟ್ಜರ್ಲೆಂಡಿನದು ಅಲ್ಲ, ಎಚ್‌ಎಂಟಿ. ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ 1961ರಲ್ಲಿ ಬೆಂಗಳೂರಿನಲ್ಲಿ ವಾಚ್ ಕಾರ್ಖಾನೆ ಶುರುವಾಯಿತು. 1978ಕ್ಕೆ ತುಮಕೂರಿನಲ್ಲಿ ಇನ್ನೊಂದು. ಮಾಸ್ತರರ ಕೈಯಲ್ಲಿ ಜನತಾ, ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿಯಿಂದ ರಜೆಗೆ ಬಂದವರ ಕೈಯಲ್ಲಿ ಜವಾನ್ ಇಲ್ಲವೇ ಕಪ್ಪು ಡಯಲಿನ ಪೈಲಟ್. ಗೋಕಾಕ ಫಾಲ್ಸ್ ಗಿರಣಿಯಿಂದ ನಿವೃತ್ತರಾದವರು ತರುತ್ತಿದ್ದ ವಾಚಿನ ಹಿಂಬದಿಗೆ ಹೆಸರು ಕೊರೆದಿರುತ್ತಿತ್ತು. ಜೊತೆಗಾರರು ವಂತಿಗೆ ಹಾಕಿ ಕೊಟ್ಟದ್ದು. ಲಗ್ನಕ್ಕಂತೂ ಕಾಂಚನ್ ಬೇಕೇ ಬೇಕು. ಚಾವಿ ಕೊಡುವಂತಿಲ್ಲ, ಕೈ ಆಡಿದರೆ ತಾನೇ ನಡೆಯುತ್ತದೆ, ಬಂಗಾರದ ಬಣ್ಣ. ವರೋಪಚಾರದ ಪಟ್ಟಿಯಲ್ಲಿ ಸೈಕಲ್ ಬಿಟ್ಟರೂ ಕಾಂಚನ್ ಬಿಡುತ್ತಿರಲಿಲ್ಲ. ಸಿಗುವುದೇ ಕಷ್ಟ, ಹಾಗಾಗಿ ಬೀಗರು ಸೆಕೆಂಡ್ ಹ್ಯಾಂಡ್ ಹುಡುಕಿಕೊಂಡು ಅಪ್ಪನ ಹತ್ತಿರ ಬರುತ್ತಿದ್ದರು.

ಹಳೆಯ ವಾಚು ಹೊಸದರಂತೆ ಕಾಣಬೇಕಲ್ಲ. ಬೆವರು ಹೊಕ್ಕು ಕಲೆಬಿದ್ದ ಡಯಲನ್ನು ಬಿಚ್ಚಿ, ಹತ್ತಿಯಲ್ಲಿ ಸುತ್ತಿ, ಬೆಂಕಿಪೆಟ್ಟಿಗೆಯೊಳಗಿಟ್ಟು, ಕೊಲ್ಹಾಪುರದ ಏಜೆಂಟನ ಕಡೆಯಿಂದ ಮುಂಬೈಗೆ ಕಳಿಸುತ್ತಿದ್ದ. ಹದಿನೈದು ದಿನಕ್ಕೆ ಅದು ಹೊಸ ಬಣ್ಣ, ಹೊಸ ಅಕ್ಷರ ಬರೆಸಿಕೊಂಡು ಬರುತ್ತಿತ್ತು. ನಾನು ಏಳನೇ ಇಯತ್ತೆಯಲ್ಲಿದ್ದಾಗ ಅಂಥ ಒಂದು ಡಯಲನ್ನು ಕಣ್ಣಿಗೆ ಹಿಡಿದು ತೋರಿಸಿದ್ದ. ಅಂಚಿನಲ್ಲಿ, ಮೂರರ ನೇರಕ್ಕೆ, ಅರದಿಂದ ಎಳೆದ ಒಂದು ಸಣ್ಣ ಕಚ್ಚು. ಅಚ್ಚಿನ ಕೆಳಗೆ ಡಯಲ್ ಸರಿದಾಡದ ಹಾಗೆ ಮಾಡಿಕೊಂಡದ್ದು. "ಕಾರ್ಖಾನ್ಯಾಗಿನ ಡಯಲಿಗಿ ಈ ಕಚ್ಚ ಇರಂಗಿಲ್ಲ ನೋಡ. ಅಕ್ಷರದ ದಂಡಿ ನೋಡ, ಮಸಿ ಹೊರಗ ಚೆಲ್ಲೇತಿ." ಕಾರ್ಖಾನೆಯ ಅಕ್ಷರ ಬ್ಲೇಡಿನಿಂದ ಕೊಯ್ದ ಹಾಗೆ ಇರುತ್ತದೆ, ಇದು ಹಸಿ ಗೋಡೆಯ ಮೇಲೆ ಬರೆದಂತೆ ಸ್ವಲ್ಪ ಹಬ್ಬಿರುತ್ತದೆ. ಒಮ್ಮೆ ಕಂಡರೆ ಮತ್ತೆ ಕಾಣದೆ ಇರಲು ಆಗುವುದಿಲ್ಲ.

ಡಯಲ್ ಬರೆಸಿದ್ದು ಮೋಸವೇನಲ್ಲ. ವಾಚಿನ ಮಾಲಕ ತಾನೇ ಹೇಳಿ ಬರೆಸಿದ್ದು, ಅದಕ್ಕೆ ಪ್ರತ್ಯೇಕ ರೊಕ್ಕ ಕೊಟ್ಟಿದ್ದು. ಅದು ಎರಡನೆಯ ಕೈಗೆ ಹೋಗುವಾಗ, ಅಲ್ಲಿಂದ ಮೂರನೆಯ ಕೈಗೆ ಹೋಗುವಾಗ, ಒಂದು ಮಾತು ದಾರಿಯಲ್ಲಿ ಬಿದ್ದುಹೋಗುತ್ತದೆ. ಈ ವ್ಯಾಪಾರದಲ್ಲಿ ನಾನು ಕಂಡ ಮೋಸವೆಲ್ಲ ಬಹುಪಾಲು ಇಷ್ಟೇ. ಸುಳ್ಳು ಹೇಳಿದವರು ಕಡಿಮೆ, ಹೇಳದೆ ಬಿಟ್ಟವರೇ ಹೆಚ್ಚು.

ಅಪ್ಪ ಹೇಳದೆ ಬಿಟ್ಟದ್ದನ್ನೂ ಕಂಡಿದ್ದೇನೆ. 1991ರ ಮೇ ತಿಂಗಳು, ಲಗ್ನಸರಾಯಿ. ಕಾಂಚನ್ ಕಾಲ ಮುಗಿದು, ಟೈಟಾನ್ ಬಂದು, ಉಳ್ಳವರ ಅಳಿಯಂದಿರು ರಾಡೊ ಕೇಳತೊಡಗಿದ್ದರು. ಒಂದು ಮಧ್ಯಾಹ್ನ ವರನ ಅಣ್ಣ ಒಂದು ರಾಡೊ ಡಯಾಸ್ಟಾರ್ ತಂದು ಗಾಜಿನ ಪೆಟ್ಟಿಗೆಯ ಮೇಲಿಟ್ಟ. ಹಿಂದೆ ಹೆಣ್ಣಿನ ತಂದೆ, ಪಟಗದ ಚುಂಗು ಬೆರಳಿಗೆ ಸುತ್ತಿಕೊಳ್ಳುತ್ತ, ಬಿಚ್ಚುತ್ತ ನಿಂತಿದ್ದ. "ಒರಿಜಿನಲ್ ಐತೇನ್ ನೋಡ್ರಿ ಮಾಮಾ."

ರಾಡೊದ ಡಯಲಿನ ಮೇಲೆ ಹನ್ನೆರಡರ ಕೆಳಗೆ ಒಂದು ಪುಟ್ಟ ಲಂಗರು ಇರುತ್ತದೆ. ಆಟೊಮ್ಯಾಟಿಕ್ ವಾಚಿನಲ್ಲಿ ಅದು ಬರಿ ಚಿತ್ರವಲ್ಲ. ವಾಚ್ ಹೊರಳಿಸಿದರೆ ತೊಟ್ಟಿಲಿನಂತೆ ತೂಗುತ್ತದೆ. ಡಯಾಸ್ಟಾರಿನ ಮೈ ಟಂಗ್‌ಸ್ಟನ್ ಕಾರ್ಬೈಡ್, ಕೈಗೆ ಭಾರ, ಚಾಕುವಿಗೂ ಗೀರು ಬೀಳುವುದಿಲ್ಲ. ಅಪ್ಪ ಎತ್ತಿಕೊಂಡಾಗಲೇ ಗೊತ್ತಾಗಿರಬೇಕು, ಹಗುರ. ಆದರೂ ಅತ್ತ ಹೊರಳಿಸಿದ, ಇತ್ತ ಹೊರಳಿಸಿದ. ಲಂಗರು ಅಂಟಿಸಿದಂತೆ ನಿಂತಿತ್ತು. ಬಹುಶಃ ಅಂಟಿಸಿಯೇ ಇದ್ದರು. ಹಿಂಬದಿ ಬಿಚ್ಚಿ, ಕಣ್ಣಿಗೆ ಗಾಜು ಹಾಕಿ ಬಹಳ ಹೊತ್ತು ನೋಡಿದ. ಆಮೇಲೆ ತಲೆ ಎತ್ತಿ ಆ ಮುದುಕನ ಕಡೆಗೆ ನೋಡಿದ. ಢಾಬಾದಲ್ಲಿ ಯಾವನೋ ಮುಂಬೈ ಡ್ರೈವರ್ ಫಾರಿನ್ ಮಾಲು ಎಂದು ದಾಟಿಸಿದ್ದು, ಮುದುಕನಿಗೆ ಅದರ ಅರಿವಿರಲಿಲ್ಲ.

"ವಾಚ ಬೇಷ್ ಐತಿ," ಅಂದ ಅಪ್ಪ. "ವ್ಯಾಳ್ಯಾ ಬರೋಬ್ಬರಿ ತೋರಸ್ತೈತಿ."

ಅಣ್ಣ ಅದನ್ನೇ ಉತ್ತರವೆಂದು ತೆಗೆದುಕೊಂಡು ಹೋದ. ಅಪ್ಪ ದುಡ್ಡು ಮುಟ್ಟಲಿಲ್ಲ. ಮುಚ್ಚಳ ಹಾಕುವ ಮುಂಚೆ ಸೂಜಿ ಹಿಡಿದು ಏನೋ ಗೀರಿದ್ದನ್ನು ಕಂಡೆ. ನನಗೆ ಆಗ ಹತ್ತೊಂಬತ್ತು, ಸಿಟ್ಟು ಮೂಗಿನ ತುದಿಗೆ. ರಾತ್ರಿ ಊಟಕ್ಕೆ ಕುಳಿತಾಗ, ಸುಳ್ಳು ಯಾಕೆ ಹೇಳಿದೆ ಎಂದು ಕೇಳಿದೆ. "ಲಗ್ನ ನಾಕ ದಿನ ಉಳದೈತಿ. ರೊಟ್ಟಿ ತಿನ್ನು," ಅಂದ.

ನಾನು ಆ ಕಸುಬು ಹಿಡಿಯಲಿಲ್ಲ. ಗೋಕಾಕಿನಲ್ಲಿ ಮಾಸ್ತರಿಕೆ ಸಿಕ್ಕಿತು. ಅಪ್ಪ 2009ರಲ್ಲಿ ತೀರಿಕೊಂಡ. ಅವನ ಸಾಮಾನುಗಳ ಜೊತೆ ಒಂದು ಬಿಸ್ಕಿಟ್ ಡಬ್ಬಿ ಬಂತು. ಅದರಲ್ಲಿ ಗಿರಾಕಿಗಳು ಬಿಟ್ಟುಹೋದ ವಾಚುಗಳು, ಇಪ್ಪತ್ಮೂರು. ರಿಪೇರಿಗೆ ಕೊಟ್ಟು ತಿರುಗಿ ಬರದವರದು. ಕೆಲವಕ್ಕೆ ದಾರದಲ್ಲಿ ಕಟ್ಟಿದ ಚೀಟಿ. ಹೆಸರು ಅಳಿಸಿ, ಊರು ಮಾತ್ರ ಉಳಿದದ್ದು. ಡಬ್ಬಿಯನ್ನು ಕಪಾಟಿನ ಮೇಲಿಟ್ಟು ಮರೆತೆ.

2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಕಾರ್ಖಾನೆ ಸತ್ತ ಮೇಲೆ ವಾಚಿಗೆ ಜೀವ ಬಂತು. ಅಪ್ಪನ ಕಾಲದಲ್ಲಿ ಚಹಾದ ಬಾಕಿಗೆ ಒತ್ತೆ ಬೀಳುತ್ತಿದ್ದ ಜನತಾ, ಪೈಲಟ್‌ಗಳನ್ನು ಬೆಂಗಳೂರು, ಪುಣೆಯ ಹುಡುಗರು ಸಾವಿರಗಟ್ಟಲೆ ಕೊಟ್ಟು ಕೇಳತೊಡಗಿದರು. ಬೇಡಿಕೆ ಬಂದ ಹಿಂದೆಯೇ ಮುಂಬೈಯ ಡಯಲ್‌ಗಳೂ ಬಂದವು. ಕೆಂಪು ಪೈಲಟ್, ಹಳದಿ ಪೈಲಟ್, ಸೇನೆಯ ಬಾಣದ ಗುರುತು ಬಳಿದ ಪೈಲಟ್. ನನ್ನ ಜೊತೆಯ ಮಾಸ್ತರರೊಬ್ಬರು, ನಿಮ್ಮಪ್ಪನ ಡಬ್ಬಿ ಇತ್ತಲ್ಲ ಎಂದು ನೆನಪಿಸಿದರು. ನೆನಪಿಸದಿದ್ದರೂ ನೆನಪಾಗುತ್ತಿತ್ತು ಬಿಡಿ.

ಒಂದೊಂದಾಗಿ ಮಾರಿದೆ. ಫೋನಿನಲ್ಲಿ ಫೋಟೊ ಹಿಡಿದು ಕಳಿಸುವುದು, ಕೊರಿಯರ್ ಮಾಡುವುದು. ಬೆಳಗಾವಿಯ ಒಬ್ಬ ಪಾಲಿಶ್‌ನವನನ್ನು ಗೊತ್ತುಮಾಡಿಕೊಂಡೆ. ಗಿರಣಿ ಕಾರ್ಮಿಕರ ಎರಡು ವಾಚಿನ ಹಿಂಬದಿಗೆ ಹೆಸರು ಇತ್ತು. ಇನ್ನೊಬ್ಬನ ಹೆಸರಿದ್ದರೆ ಯಾರು ಕೊಳ್ಳುತ್ತಾರೆ ಎಂದು ಉಜ್ಜಿಸಿದೆ. ಮೂವತ್ತು ವರ್ಷದ ದುಡಿಮೆಯ ಹೆಸರು ಬಫಿಂಗ್ ಗಾಲಿಗೆ ನಾಲ್ಕು ನಿಮಿಷ. 2017ರ ಅಕ್ಟೋಬರಿನಲ್ಲಿ ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾ ನ್ಯೂಯಾರ್ಕಿನ ಹರಾಜಿನಲ್ಲಿ 1 ಕೋಟಿ 77 ಲಕ್ಷ ಡಾಲರಿಗೆ ಹೋಯಿತು ಎಂದು ಓದಿದಾಗ ಹೊಟ್ಟೆಯಲ್ಲಿ ಏನೋ ಹಿಂಡಿತು. ಆ ವಾಚಿನ ಹಿಂಬದಿಗೆ ಅವನ ಹೆಂಡತಿ, ಕಾರು ಹುಷಾರಾಗಿ ಓಡಿಸು ಎಂದು ಕೊರೆಸಿದ್ದಳು. ಅದು ನ್ಯೂಮನ್ನನದೆಂದು ಜಗತ್ತು ನಂಬಲು ಆ ಕೊರೆತವೂ ಒಂದು ಸಾಕ್ಷಿ. ನಾನು ಅಂಥದ್ದನ್ನು ಪಾಲಿಶ್‌ನವನಿಗೆ ನೂರೈವತ್ತು ರೂಪಾಯಿ ಕೊಟ್ಟು ಅಳಿಸಿದ್ದೆ.

ಡಬ್ಬಿಯಲ್ಲಿದ್ದ ಒಂದು ಪೈಲಟ್ ಮಾರಿದ್ದು 2018ರಲ್ಲಿ. ಕಪ್ಪು ಡಯಲ್, ಬಿಳಿ ಅಂಕಿ. ಭೂತಗನ್ನಡಿ ಹಿಡಿದಾಗ ಅಕ್ಷರದ ದಂಡೆಗೆ ಬಣ್ಣ ಚೆಲ್ಲಿತ್ತು. ಡಯಲಿನ ಹೊಳೆಯುವ ಬಣ್ಣ ಹಸಿರು, ಮುಳ್ಳುಗಳದು ಕಂದು. ಬರೆಸಿದ ಡಯಲ್ ಎಂದು ಗೊತ್ತಿತ್ತು. ಕೊಳ್ಳುವವನು ಬೆಂಗಳೂರಿನ ಐಟಿ ಹುಡುಗ, ಉತ್ತರ ಭಾರತದ ಕಡೆಯವನು. ಒರಿಜಿನಲ್ ಹೌದೇ ಎಂದು ಹಿಂದಿಯಲ್ಲಿ ಕೇಳಿದ. "ನಮ್ಮಪ್ಪನ ವಾಚ್ ಇದು," ಅಂದೆ. ಸುಳ್ಳಲ್ಲ ನೋಡಿ, ಅಪ್ಪನ ಡಬ್ಬಿಯಿಂದಲೇ ಬಂದದ್ದು. ಇನ್ನೇನು ಕೇಳುತ್ತಾನೆ? ಹಳೆಯ ವಾಚ್ ಕೊಳ್ಳುವವರು ಪ್ರಶ್ನೆಗೆ ಉತ್ತರ ಬಯಸುವುದಕ್ಕಿಂತ ಕತೆ ಬಯಸುತ್ತಾರೆ. ನಾಲ್ಕೂವರೆ ಸಾವಿರ ಕೊಟ್ಟ. ಅವನು ಮಷೀನಿನ ಫೋಟೊ ಕೇಳಿದಾಗ ಹಿಂಬದಿ ಬಿಚ್ಚಿ ಫೋಟೊ ಹಿಡಿದಿದ್ದೆ. ಬಿಚ್ಚಿದ ಮುಚ್ಚಳವನ್ನು ಬೋರಲು ಇಟ್ಟಿದ್ದೆ, ಮಗುಚಿ ನೋಡಲಿಲ್ಲ.

ಮೂರು ವಾರಕ್ಕೆ ಅವನಿಂದ ಒಂದು ಫೋಟೊ ಬಂತು. ಸರ್ವಿಸಿಗೆ ಕೊಟ್ಟಿದ್ದನಂತೆ. ಮುಚ್ಚಳದ ಒಳಮೈಯನ್ನು ದೊಡ್ಡದಾಗಿ ಹಿಡಿದ ಚಿತ್ರ. ಕೆಳಗೆ ಅವನ ಪ್ರಶ್ನೆ: ಇಲ್ಲಿ ಕನ್ನಡದಲ್ಲಿ ಏನೋ ಇದೆ, ನಿಮ್ಮ ತಂದೆಯವರು ಬರೆದದ್ದೇ, ಏನದು?

ಬೆರಳಿನಿಂದ ಹಿಗ್ಗಿಸಿ ಓದಿದೆ.

"ಡಯಲ ಬೊಂಬಾಯಿದು. ಮುಳ್ಳ ಜನತಾದ್ದು. ಗಿರಾಕಿಗಿ ಹೇಳೀನಿ. ಯಮಕನಮರಡಿ ಮಿಲ್ಟ್ರಿಯವರು. 14-3-86."

ಯಮಕನಮರಡಿ ಹತ್ತರಗಿಗೆ ಅಂಟಿಕೊಂಡ ಊರು. ಅಂದರೆ ಡಯಲ್ ಕಾರ್ಖಾನೆಯದಲ್ಲ, ಮುಳ್ಳು ಆ ವಾಚಿನದಲ್ಲ, ವಾಚ್ ನಮ್ಮಪ್ಪನದೂ ಅಲ್ಲ. ನಾನು ಮಾರಿದ ಮೂರೂ ಮಾತಿಗೆ ನಮ್ಮಪ್ಪ ಮೂವತ್ತೆರಡು ವರ್ಷ ಮುಂಚೆಯೇ ಉತ್ತರ ಬರೆದಿಟ್ಟಿದ್ದ. ಕನ್ನಡ ಓದಲು ಬರದ ಆ ಹುಡುಗ ನನಗೇ ಓದಿ ಹೇಳಿ ಅನ್ನುತ್ತಿದ್ದ.

ಒಮ್ಮೆಲೇ ಪಶ್ಚಾತ್ತಾಪ ಬಂತೆಂದು ಬರೆದರೆ ಅದೂ ಬರೆಸಿದ ಡಯಲ್ ಆದೀತು. ನಾನು ತಕ್ಷಣ ಕೊಟ್ಟ ಉತ್ತರ: "ರಿಪೇರಿ ಮಾಡಿದ ತಾರೀಖು." ಅವನು ಕೈಮುಗಿಯುವ ಚಿತ್ರ ಕಳಿಸಿದ. ಎರಡು ದಿನ ಸಾಲೆಗೆ ಹೋಗಿ ಬಂದೆ. ಒಂಬತ್ತನೆಯವರಿಗೆ ಸಮಾನಾರ್ಥಕ ಪದ ಕಲಿಸಿದೆ. ಮೂರನೆಯ ದಿನ ಪೂರ್ತಿ ಓದಿ ಹೇಳಿದೆ, ಹಣ ವಾಪಸು ಕೊಡುತ್ತೇನೆ ಎಂದೂ ಹೇಳಿದೆ. ದೊಡ್ಡ ಮನಸ್ಸಿನ ಮಾತೇನಾದರೂ ಬಂದೀತೆಂದು ಒಳಗೊಳಗೆ ಆಸೆ ಇತ್ತು. ಬರಲಿಲ್ಲ. ವಾಚ್ ಕೊರಿಯರಿನಲ್ಲಿ ಬಂತು, ಹೋಗಿ ಬರುವ ಕೊರಿಯರ್ ಖರ್ಚು, ಸರ್ವಿಸ್ ಖರ್ಚು ಸೇರಿಸಿ ಹಿಡಿದ. ನಂತರ ನನ್ನ ನಂಬರನ್ನೂ ಬ್ಲಾಕ್ ಮಾಡಿದ. ಸರಿಯಾಗಿಯೇ ಮಾಡಿದ.

ದೊಡ್ಡವರಿಗೂ ಹೀಗಾಗುತ್ತದೆ ಎಂದು ಆಮೇಲೆ ತಿಳಿಯಿತು. 2021ರ ನವೆಂಬರಿನಲ್ಲಿ ಜಿನೀವಾದ ಹರಾಜಿನಲ್ಲಿ 1957ರದೆಂಬ ಒಮೆಗಾ ಸ್ಪೀಡ್‌ಮಾಸ್ಟರ್ ಒಂದು 31 ಲಕ್ಷ ಸ್ವಿಸ್ ಫ್ರಾಂಕಿಗೂ ಮೇಲೆ ಹೋಯಿತು. ಕೊಂಡದ್ದು ಬೇರೆ ಯಾರೂ ಅಲ್ಲ, ಒಮೆಗಾ ಕಂಪನಿಯೇ. 2023ಕ್ಕೆ ನೋಡಿದರೆ ಅದು ಬೇರೆ ಬೇರೆ ವಾಚಿನ ಭಾಗ ಕೂಡಿಸಿದ ಜೋಡಣಿ ಮಾಲು. ತನ್ನಲ್ಲಿ ಕೆಲಸಕ್ಕಿದ್ದವರದೇ ಕೈವಾಡ ಎಂದು ಕಂಪನಿ ಹೇಳಿತು. ಪೈಲಟ್‌ಗೆ ಜನತಾದ ಮುಳ್ಳು ಹಾಕಿದ ಹಾಗೆಯೇ. ಆದರೆ ಅದರ ಮುಚ್ಚಳದೊಳಗೆ ಯಾರೂ ಬರೆದಿಟ್ಟಿರಲಿಲ್ಲ.

ಪೈಲಟ್ ತಿರುಗಿ ಬಂದಾಗ ಡಬ್ಬಿಯಲ್ಲಿ ಇನ್ನೂ ಒಂಬತ್ತು ಉಳಿದಿದ್ದವು. ಒಂದು ಭಾನುವಾರ ಅಪ್ಪನದೇ ಗಾಜು ಕಣ್ಣಿಗೆ ಹಾಕಿ ಒಂಬತ್ತನ್ನೂ ಬಿಚ್ಚಿದೆ. ಒಂದರಲ್ಲಿ "ಜುವೆಲ್ ಒಡದೈತಿ. ಬಡವ. ಹಂಗ ನಡಿಸೀನಿ." ಇನ್ನೊಂದರಲ್ಲಿ ಊರಿನ ಹೆಸರು, "ಮಗನಿಗೆ ಕೊಡಬೇಕು." ನಮ್ಮಪ್ಪನನ್ನು ದೇವರು ಮಾಡುವುದಕ್ಕೆ ಹೊರಟಿದ್ದೆನೋ ಏನೋ, ಐದನೆಯದು ತಡೆಯಿತು. "ಕಮಾನ ಹಳೇದ ಹಾಕೀನಿ. ರೊಕ್ಕ ಹೊಸಾದರದ ತಗೊಂಡೀನಿ. 2-6-79." ಜೂನ್ ಎರಡು. ಸಾಲೆಯ ಹೆಸರು ಹಚ್ಚುವ ದಿನಗಳು, ಆ ವರ್ಷ ನಾನು ಎರಡನೆಯ ಇಯತ್ತೆ. ಬಹಳ ಹೊತ್ತು ಆ ಮುಚ್ಚಳವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತಿದ್ದೆ.

ಆ ರಾಡೊ ಬಂದದ್ದು 2019ರಲ್ಲಿ. ಆಗಿನ ವರ ಈಗ ತಲೆ ಹಣ್ಣಾದ ಮನುಷ್ಯ, ಘಟಪ್ರಭಾದ ಕಡೆ ತೋಟ. ನಾನು ಹಳೆಯ ವಾಚ್ ಮಾರುತ್ತೇನೆ ಎಂದು ಯಾರೋ ಹೇಳಿದ್ದರು. ಮಗಳ ಕಾಲೇಜಿಗೆ ರೊಕ್ಕ ಬೇಕು, ಎಷ್ಟು ಬಂದೀತು ಎಂದು ಕೇಳಿದ. ಲಂಗರು ಅದೇ ಜಾಗದಲ್ಲಿ ನಿಂತಿತ್ತು. ಮೈತುಂಬ ಗೀರು, ಬಂಗಾರದ ಬಣ್ಣ ಹೋಗಿ ಹಿತ್ತಾಳೆ ಕಾಣುತ್ತಿತ್ತು. ಹಿಂಬದಿ ಬಿಚ್ಚಿ ಮುಚ್ಚಳ ಮಗುಚಿದೆ. ಎರಡೇ ಪದ, ಒಂದು ತಾರೀಖು.

"ಡೂಪ್ಲಿಕೇಟ. ಹೇಳಲಿಲ್ಲ. 5-91."

ನಾನು ಅದನ್ನು ಅವನಿಗೆ ಓದಿ ತೋರಿಸಿದೆ. ಲಗ್ನದ ಮುಂಚೆ ಅವನ ಅಣ್ಣ ತಂದಿದ್ದು, ಅಪ್ಪ ಅಂದದ್ದು, ಎಲ್ಲ ಹೇಳಿದೆ. ಅವನು ನಕ್ಕುಬಿಟ್ಟ.

"ಆರ ತಿಂಗಳದಾಗ ಗೊತ್ತಾತರೀ ಸರ. ಬಾವಿ ಕಟ್ಟಿಗಿ ತಿಕ್ಕಿ ಗೀರ ಬಿತ್ತು. ಖರೇ ರಾಡೊಕ ಗೀರ ಬೀಳ್ತಾವೇನು? ಮಾವ ಸಾಲಾ ತಗದ ತಂದಿದ್ದ, ಅಂವಗ ಏನಂತ ಹೇಳೂದು?"

ಹೆಂಡತಿಗೆ ಇಂದಿಗೂ ಹೇಳಿಲ್ಲವಂತೆ. ಹಾಗಾದರೆ ನನ್ನ ಹತ್ತಿರ ಯಾಕೆ ತಂದೆ ಎಂದು ಕೇಳಿದೆ. ನಡೆದರೆ ನಡೆಯಲಿ ಎಂದು ತಂದೆ, ನೀವು ಯಾರಿಗಾದರೂ ದಾಟಿಸುತ್ತೀರಿ ಅಂದುಕೊಂಡಿದ್ದೆ, ಅಂದ. ಮುಖದಲ್ಲಿ ಸಂಕೋಚವೂ ಇರಲಿಲ್ಲ. ಚಹಾ ಕುಡಿದು, ವಾಚನ್ನು ಕೈಗೆ ಕಟ್ಟಿಕೊಂಡೇ ಹೋದ.

ನಾನು ಮಾರುವುದನ್ನು ಪೂರ್ತಿ ಬಿಟ್ಟಿಲ್ಲ. ಗೋಕಾಕದ ಸುತ್ತ ಯಾರಾದರೂ ತಂದುಕೊಟ್ಟರೆ, ಬಿಚ್ಚಿ, ನೋಡಿ, ಡಯಲ್ ಯಾವುದು, ಮುಳ್ಳು ಯಾವುದು, ಏನು ಬದಲಾಗಿದೆ ಎಂದು ಚೀಟಿಯಲ್ಲಿ ಬರೆದು ಮುಂದಿನವರಿಗೆ ದಾಟಿಸುತ್ತೇನೆ. ಬೆಲೆ ಅರ್ಧಕ್ಕೆ ಇಳಿಯುತ್ತದೆ. ಆ ಪೈಲಟ್ ಮಾತ್ರ ಯಮಕನಮರಡಿಗೆ ಒಯ್ದು ಎರಡು ಸಲ ವಿಚಾರಿಸಿದೆ. 1986ರ ಮಿಲ್ಟ್ರಿಯವರ ಮನೆ ಇನ್ನೂ ಸಿಕ್ಕಿಲ್ಲ.

ಹತ್ತರಗಿ, ಹುಕ್ಕೇರಿ, ಸಂಕೇಶ್ವರ, ಗೋಕಾಕ, ಮೂಡಲಗಿ ಕಡೆಯವರ ಮನೆಯಲ್ಲಿ, ಅಜ್ಜನದೋ ಅಪ್ಪನದೋ ನಿಂತುಹೋದ ವಾಚ್ ಇದ್ದೀತು. 2003ಕ್ಕಿಂತ ಮುಂಚೆ ಹೆದ್ದಾರಿಯ ಬದಿಯ ಡಬ್ಬಿ ಅಂಗಡಿಯಲ್ಲಿ ರಿಪೇರಿಯಾದದ್ದೂ ಇದ್ದೀತು. ಅದನ್ನು ಪಾಲಿಶಿಗೆ ಕೊಡಬೇಡಿ. ಮಾರುವುದಿದ್ದರೆ ಮಾರಿ, ಆದರೆ ಮೊದಲು ಹಿಂಬದಿ ಬಿಚ್ಚಿಸಿ, ಮುಚ್ಚಳ ಮಗುಚಿ, ಬೆಳಕಿಗೆ ಹಿಡಿದು ಓದಿ. ಕನ್ನಡದಲ್ಲೇ ಇದೆ.